ಡೀಪ್ ಸ್ಪೇಸ್ ನೈನ್ ಮತ್ತೆ ನೋಡಬೇಕಾ? ಹುಬ್ಬಳ್ಳಿ-ಧಾರವಾಡದಲ್ಲಿ ಒಂದು ಗುಂಪು ಕಟ್ಟಿ, ಹೀಗೆ ನೋಡಿ

ಸ್ಟಾರ್ ಟ್ರೆಕ್ ಅಂದ ಕೂಡಲೇ ಹೊಸ ಗ್ರಹ, ಹೊಸ ಜನ, ಕೊನೆಗೆ ಎಲ್ಲ ಸರಿಹೋಗುವ ಕತೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಡೀಪ್ ಸ್ಪೇಸ್ ನೈನ್ ಹಾಗಲ್ಲ. 1993ರ ಜನವರಿಯಲ್ಲಿ ಶುರುವಾಗಿ 1999ರ ಜೂನ್‌ನಲ್ಲಿ ಮುಗಿದ ಈ ಅಮೆರಿಕನ್ ಟಿವಿ ಸೀರಿಯಲ್ ಒಂದೇ ಬಾಹ್ಯಾಕಾಶ ನಿಲ್ದಾಣದಲ್ಲಿ ಬೀಡುಬಿಟ್ಟು ಯುದ್ಧ ಹತ್ತಿರವಾಗುವುದನ್ನು ತೋರಿಸುತ್ತದೆ, ಬಂದ ಮೇಲೆ ಅದು ಒಬ್ಬೊಬ್ಬರನ್ನು ಏನು ಮಾಡುತ್ತದೆ ಎಂಬುದನ್ನೂ ತೋರಿಸುತ್ತದೆ. ಆಗ ಇದನ್ನು ಹಚ್ಚಿಕೊಂಡವರಿಗೆ ಈಗ ನಲವತ್ತು, ಐವತ್ತು ವಯಸ್ಸು. ಮತ್ತೆ ನೋಡಬೇಕು ಅನ್ನಿಸಿದ್ದರೆ ಒಬ್ಬರೇ ರಾತ್ರಿಯಿಡೀ ಕೂತು ಮುಗಿಸಬೇಡಿ. ನಾಲ್ಕೈದು ಜನ ಸೇರಿ, ನಿಧಾನವಾಗಿ ನೋಡಿ. ಆ ನಾಲ್ಕೈದರಲ್ಲಿ ಒಬ್ಬರಾದರೂ ಇದನ್ನು ಮೊದಲ ಸಲ ನೋಡುವವರಿರಲಿ, ಅವರ ಮುಖ ನೋಡಿದರೆ ನಿಮಗೂ ಹೊಸದಾಗುತ್ತದೆ.

ಮೊದಲ ಮಾತು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು: ನೇರವಾಗಿ ಯುದ್ಧಕ್ಕೆ ಹಾರಬೇಡಿ.

ಅಭಿಮಾನಿಗಳಲ್ಲಿ ಒಂದು ರೂಢಿ ಇದೆ. ಮೊದಲೆರಡು ಸೀಸನ್ ಬೇಸರ, ಬಿಟ್ಟುಬಿಡಿ, ಮೂರರಿಂದ ಅಥವಾ ನಾಲ್ಕರಿಂದ ಶುರು ಮಾಡಿ ಅಂತಾರೆ. ನಾನು ಒಪ್ಪುವುದಿಲ್ಲ. ನೋಗ್ ಎಂಬ ಹುಡುಗನನ್ನು ನೆನಪಿಸಿಕೊಳ್ಳಿ. ಮೊದಲ ಕಂತಿನಲ್ಲಿ ಅವನು ಕಳ್ಳತನ ಮಾಡಿ ಸಿಕ್ಕಿಬೀಳುವ ಪುಂಡ. ಆಮೇಲೆ ಗೆಳೆಯ ಜೇಕ್ ಯಾರಿಗೂ ಹೇಳದೆ ಅವನಿಗೆ ಓದಲು ಕಲಿಸುತ್ತಾನೆ. ಮೂರನೇ ಸೀಸನ್ನಿನಲ್ಲಿ ಅವನು ನಿಲ್ದಾಣದ ಮುಖ್ಯಸ್ಥ ಸಿಸ್ಕೋ ಮುಂದೆ ನಿಂತು ನನ್ನನ್ನು ನಿಮ್ಮ ಬಾಹ್ಯಾಕಾಶ ಪಡೆಯಾದ ಸ್ಟಾರ್‌ಫ್ಲೀಟ್‌ಗೆ ಸೇರಿಸಿ ಎಂದು ಕೇಳುತ್ತಾನೆ, ಯಾಕೆ ಎಂದು ಒತ್ತಿ ಕೇಳಿದಾಗ ತನ್ನ ಅಪ್ಪನ ಬಗ್ಗೆ ಹೇಳುವ ಮಾತು ಇಡೀ ಸೀರಿಯಲ್ಲಿನಲ್ಲೇ ನನಗೆ ಅತಿ ಹತ್ತಿರದ್ದು. ಇಷ್ಟು ನೋಡದೆ ಏಳನೇ ಸೀಸನ್ನಿಗೆ ಹೋದರೆ, ಯುದ್ಧಭೂಮಿಯಲ್ಲಿ ಅವನಿಗೆ ಆಗುವುದು ಸುಮ್ನೆ ಒಂದು ಘಟನೆ ಆಗಿಬಿಡುತ್ತದೆ. ಶಾಂತಿಯ ದಿನಗಳ ಕಂತುಗಳನ್ನು ನೋಡಿದವರಿಗೇ ಯುದ್ಧದ ಕಂತುಗಳು ನೋಯುವುದು.

ಹಾಗಂತ ಎಲ್ಲ ನೋಡಬೇಕಿಲ್ಲ. ಒಟ್ಟು 176 ಕಂತುಗಳಿವೆ, ಒಂದೊಂದು ಸುಮಾರು 45 ನಿಮಿಷ. ವಾರಕ್ಕೆ ಎರಡರಂತೆ ನೋಡಿದರೆ ಒಂದೂವರೆ ವರ್ಷ ದಾಟುತ್ತದೆ. ಸಂಸಾರಸ್ಥರಿಗೆ ಅದು ಕಷ್ಟ. ನಲವತ್ತು ಕಂತು ಆರಿಸಿಕೊಂಡರೆ ಐದು ತಿಂಗಳಲ್ಲಿ ಮುಗಿಯುತ್ತದೆ. ಪಟ್ಟಿ ಮಾಡುವಾಗ ಕಂತಿನ ಹೆಸರು ಬರೆದುಕೊಳ್ಳಿ, ಸಂಖ್ಯೆಯನ್ನು ನಂಬಬೇಡಿ. ಮೊದಲ ಕಂತು, ನಾಲ್ಕನೇ ಸೀಸನ್ನಿನ ಶುರುವಿನದು, ಕೊನೆಯದು, ಈ ಮೂರೂ ಎರಡರಷ್ಟು ಉದ್ದ. ಅವನ್ನು ಕೆಲವರು ಒಂದೆಂದು ಎಣಿಸುತ್ತಾರೆ, ಕೆಲವರು ಎರಡೆಂದು. ಅಲ್ಲಿಂದ ಮುಂದೆ ಸಂಖ್ಯೆ ಹೊಂದುವುದೇ ಇಲ್ಲ.

ಮೊದಲ ವಾರಕ್ಕೆ ಆರಂಭದ ಜೋಡಿ ಕಂತು ಸಾಕು. ಎರಡನೇ ವಾರ 'ದ ನೇಗಸ್' ಮತ್ತು 'ಡ್ಯುಯೆಟ್' ಹಾಕಿ. ಡ್ಯುಯೆಟ್ 1993ರ ಜೂನ್‌ನದು. ಹೆಚ್ಚು ಭಾಗ ಒಂದು ಕೋಣೆ, ಇಬ್ಬರು ಜನ, ಬರೀ ಮಾತು. ಕಾರ್ಡೇಷಿಯಾದವರು ಬಜೋರ್ ಗ್ರಹವನ್ನು ಸುಮಾರು ಐವತ್ತು ವರ್ಷ ಆಳಿ, ಹಿಂಡಿ, ಬಿಟ್ಟುಹೋಗಿದ್ದಾರೆ. ಅವರ ವಿರುದ್ಧ ಬಂದೂಕು ಹಿಡಿದಿದ್ದ ಕೀರಾ ಈಗ ನಿಲ್ದಾಣದ ಅಧಿಕಾರಿ. ಅವಳ ಮುಂದೆ ಒಬ್ಬ ಕಾರ್ಡೇಷಿಯನ್ ಕೂತಿದ್ದಾನೆ. ಹೊಸಬರಿಗೆ ಇದಕ್ಕಿಂತ ಹೆಚ್ಚು ಹೇಳಬೇಡಿ.

ಈ ಕಂತು ಮುಗಿದ ಮೇಲೆ ಟಿವಿ ಆರಿಸಿ ಮಾತಾಡಲೇಬೇಕು. ನಮ್ಮ ಭಾಗದವರಿಗೆ ಬಂಡಾಯದ ಕತೆ ಹೊಸದಲ್ಲ, ಅಲ್ವಾ? ಹುಬ್ಬಳ್ಳಿಯ ನಟ್ಟನಡುವೆ ಕಿತ್ತೂರು ಚೆನ್ನಮ್ಮ ಕುದುರೆಯ ಮೇಲಿದ್ದಾಳೆ. 1858ರಲ್ಲಿ ನರಗುಂದದ ಬಾಬಾಸಾಹೇಬ ಎದ್ದುನಿಂತು ನೇಣಿಗೇರಿದ. ಹಾವೇರಿ ಕಡೆಯ ಮೈಲಾರ ಮಹಾದೇವಪ್ಪ 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ. ನಾವು ಎದೆಯಲ್ಲಿಟ್ಟುಕೊಂಡ ಇವರ್ಯಾರೂ ಬಿಡುಗಡೆಯ ದಿನ ನೋಡಲಿಲ್ಲ. ಕೀರಾ ಬದುಕುಳಿದವಳು. ಗೆದ್ದ ಮೇಲೆ ಕಡತ ನೋಡಬೇಕು, ಮಂತ್ರಿಗಳ ಜೊತೆ ಜಗಳ ಆಡಬೇಕು, ನಿನ್ನೆಯ ಶತ್ರುವಿಗೆ ಔಷಧಿ ಕೊಡಿಸಬೇಕು. ಆ ಬದುಕು ಹೇಗಿರುತ್ತದೆ? ಗುಂಪಿನಲ್ಲಿ ಈ ಪ್ರಶ್ನೆ ಇಡಿ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಕೂರಿಸಿಕೊಳ್ಳಿ, ಸ್ಟಾರ್ ಟ್ರೆಕ್ ಗೊತ್ತಿಲ್ಲದಿದ್ದರೂ ಈ ಮಾತಿಗೆ ಅವರಲ್ಲಿ ಜಾಸ್ತಿ ಸರಕು ಇರುತ್ತದೆ.

ಈಗ ಟಿವಿ ವಿಷಯ. ಇದನ್ನು ಫಿಲ್ಮಿನಲ್ಲೇ ಚಿತ್ರಿಸಿದ್ದರು, ಆದರೆ ಎಡಿಟಿಂಗ್ ಮತ್ತು ಗ್ರಾಫಿಕ್ಸ್ ಎಲ್ಲ ಆ ಕಾಲದ ವಿಡಿಯೋದಲ್ಲಿ ನಡೆಯಿತು. ಪೂರ್ತಿ ಸೀರಿಯಲ್ಲಿನ ಎಚ್‌ಡಿ ಪ್ರತಿ ಇಲ್ಲ, ಬ್ಲೂ-ರೇ ಬಂದಿಲ್ಲ. ದೊಡ್ಡ ಟಿವಿಯಲ್ಲಿ ಚಿತ್ರ ಸ್ವಲ್ಪ ಮಸುಕಾಗಿಯೇ ಕಾಣುತ್ತದೆ. ಟಿವಿಯಿಂದ ಒಂದಿಷ್ಟು ದೂರ ಕೂತುಕೊಳ್ಳಿ. ಸೆಟ್ಟಿಂಗ್‌ನಲ್ಲಿ ಚಿತ್ರವನ್ನು 4:3 ಅಳತೆಗೇ ಬಿಡಿ, ಎಡಬಲ ಕಪ್ಪು ಪಟ್ಟಿ ಬಂದರೆ ಬರಲಿ. ಎಳೆದು ಅಗಲ ಮಾಡಿದರೆ ಎಲ್ಲರ ಮುಖ ಉಬ್ಬುತ್ತದೆ. ಚಲನೆಯನ್ನು ಕೃತಕವಾಗಿ ನುಣುಪು ಮಾಡುವ ಮೋಷನ್ ಸ್ಮೂದಿಂಗ್ ಆಫ್ ಮಾಡಿ. ನಿಲ್ದಾಣದ ಒಳಗೆಲ್ಲ ಕತ್ತಲೆ ಜಾಸ್ತಿ, ಹಾಗಾಗಿ ಕೋಣೆಯ ಪರದೆ ಎಳೆದರೆ ಬ್ರೈಟ್‌ನೆಸ್ ಏರಿಸಬೇಕಿಲ್ಲ. ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಿ, ಹೆಸರುಗಳು ಕಿವಿಗೆ ಬೇಗ ಸಿಗುವುದಿಲ್ಲ. ಹಳೆಯ ಡಿವಿಡಿ ಕೊಳ್ಳುವವರು ರೀಜನ್ ನೋಡಿ ಕೊಳ್ಳಿ, ಭಾರತದ್ದು 5. ಆ್ಯಪ್‌ನಲ್ಲಿ ನೋಡುವವರು ಆ ವಾರದ ಕಂತುಗಳನ್ನು ಹಿಂದಿನ ದಿನವೇ ಡೌನ್‌ಲೋಡ್ ಮಾಡಿ. ಧಾರವಾಡದ ಮಳೆಗಾಲದಲ್ಲಿ ಕರೆಂಟ್, ನೆಟ್ ಎರಡೂ ಒಟ್ಟಿಗೆ ಹೋದರೆ ಮೂಡೆಲ್ಲ ಹಾಳು.

ಜಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗುಂಪಿನ ಅರ್ಧ ಹುಬ್ಬಳ್ಳಿ, ಅರ್ಧ ಧಾರವಾಡ ಆಗಿದ್ದರೆ ನವನಗರ, ಉಣಕಲ್ ಕಡೆಯ ಯಾರದಾದರೂ ಮನೆ ಆರಿಸಿ, ಇಬ್ಬರಿಗೂ ಚಿಗರಿ ಬಸ್ಸು ಸಿಗುತ್ತದೆ. ಸಂಜೆ ಐದಕ್ಕೆ ಶುರು ಮಾಡಿದರೆ ಎಂಟರೊಳಗೆ ಮಾತೂ ಮುಗಿಯುತ್ತದೆ. ಗಿರ್ಮಿಟ್ ಮಾಡುವುದಾದರೆ ಎರಡು ಕಂತಿನ ನಡುವೆ ಕಲಸಿ, ಮೊದಲೇ ಕಲಸಿಟ್ಟರೆ ಮೆತ್ತಗಾಗುತ್ತದೆ. ಹೊಸಬರಿಗೆ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಡಿ: ಫೆಡರೇಶನ್ ಯಾರು, ಬಜೋರ್ ಯಾರದು, ಕಾರ್ಡೇಷಿಯಾ ಎಲ್ಲಿಂದ ಬಂತು, ಗ್ಯಾಲಕ್ಸಿಯ ಆಚೆ ಕಡೆಯಿಂದ ಬಂದು ಯುದ್ಧಕ್ಕೆ ನಿಲ್ಲುವ ಡೊಮಿನಿಯನ್ ಯಾರು. ನಾಲ್ಕು ಸಾಲು ಸಾಕು.

ಮುಂದಿನ ಪಟ್ಟಿಗೆ ಬೆನ್ನೆಲುಬು ಹೀಗಿರಲಿ. ಡೊಮಿನಿಯನ್ ಮೊದಲ ಸಲ ಎದುರಾಗುವ 'ದ ಜೆಮ್‌ಹಡಾರ್', ನೋಗ್ ಸ್ಟಾರ್‌ಫ್ಲೀಟ್ ಕೇಳುವ 'ಹಾರ್ಟ್ ಆಫ್ ಸ್ಟೋನ್'. ಯುದ್ಧಕ್ಕೆ ಸಂಬಂಧವೇ ಇಲ್ಲದ, ಅಪ್ಪ-ಮಗನ ಕತೆ 'ದ ವಿಸಿಟರ್', ಇದನ್ನು ಯಾವ ಕಾರಣಕ್ಕೂ ಬಿಡಬೇಡಿ. ಭಯಕ್ಕೆ ಬಿದ್ದ ಭೂಮಿಯಲ್ಲಿ ಬೀದಿಗೆ ಸೈನಿಕರು ಇಳಿಯುವ, ಸ್ವಂತದವರ ರಕ್ತವನ್ನೇ ಪರೀಕ್ಷೆ ಮಾಡುವ 'ಹೋಮ್‌ಫ್ರಂಟ್' ಮತ್ತು 'ಪ್ಯಾರಡೈಸ್ ಲಾಸ್ಟ್', ಎರಡೂ ಒಂದೇ ದಿನ. ಐದನೇ ಸೀಸನ್ನಿನ ಕೊನೆಯ 'ಕಾಲ್ ಟು ಆರ್ಮ್ಸ್' ಮತ್ತು ಆರನೆಯದರ ಮೊದಲ ಆರು ಕಂತುಗಳನ್ನು ಒಡೆಯದೆ ನೋಡಿ. 1950ರ ದಶಕದ ನ್ಯೂಯಾರ್ಕ್‌ಗೆ ಕರೆದೊಯ್ಯುವ 'ಫಾರ್ ಬಿಯಾಂಡ್ ದ ಸ್ಟಾರ್ಸ್' ಬೇಕೇ ಬೇಕು, ಅದರಲ್ಲಿ ಸಿಸ್ಕೋ ಪಾತ್ರಧಾರಿ ಏವರಿ ಬ್ರೂಕ್ಸ್ ತಾವೇ ನಿರ್ದೇಶಕ. ಕೊನೆಗೆ, ಯುದ್ಧವನ್ನು ಮುಗಿಸುವ ಅಂತಿಮ ಸರಣಿ. ಉಳಿದದ್ದನ್ನು ಗುಂಪಿಗೆ ಬಿಡಿ, ಆದರೆ ನಗಿಸುವ ಎರಡು ಮೂರು ಕಂತು ಇರಲೇಬೇಕು. ಏಳನೇ ಸೀಸನ್ನಿನಲ್ಲಿ ಇವರೆಲ್ಲ ಸೇರಿ ಬೇಸ್‌ಬಾಲ್ ಆಡುವ ಕಂತು ಒಳ್ಳೆಯ ಆಯ್ಕೆ.

ಎರಡು ಸಂಜೆಗಳಿಗೆ ಮಾತ್ರ ವಿಶೇಷ ಏರ್ಪಾಡು ಬೇಕು.

ಒಂದು, 'ಇನ್ ದ ಪೇಲ್ ಮೂನ್‌ಲೈಟ್'. 1998ರ ಏಪ್ರಿಲ್‌ನದು. ವಾರವಾರವೂ ಸತ್ತವರ ಪಟ್ಟಿ ಓದಿ ಸುಸ್ತಾದ ಸಿಸ್ಕೋ, ಯುದ್ಧದಿಂದ ದೂರ ನಿಂತಿರುವ ರೊಮುಲನ್ ಸಾಮ್ರಾಜ್ಯದವರನ್ನು ಹೇಗಾದರೂ ತಮ್ಮ ಕಡೆ ಯುದ್ಧಕ್ಕೆ ಎಳೆಯಲು ಹೊರಡುತ್ತಾನೆ. ಒಂದು ಸುಳ್ಳು ಹೇಳುತ್ತಾನೆ, ಅದನ್ನು ಉಳಿಸಲು ಇನ್ನೊಂದು, ಹಾಗೇ ಮುಂದೆ. ನಡುನಡುವೆ ಕ್ಯಾಮೆರಾ ಕಡೆ ತಿರುಗಿ ನಮಗೇ ಹೇಳಿದಂತೆ ಮಾತಾಡುತ್ತಾನೆ. ಆ ದಿನ ಇದೊಂದೇ ಕಂತು ಹಾಕಿ. ಮುಗಿದ ಮೇಲೆ ಸರಿಯೋ ತಪ್ಪೋ ಎಂದು ಕೈ ಎತ್ತಿಸಬೇಡಿ. ಯಾವ ಹೆಜ್ಜೆಯಲ್ಲಿ ನೀವಾಗಿದ್ದರೆ ನಿಲ್ಲುತ್ತಿದ್ದಿರಿ ಎಂದು ಒಬ್ಬೊಬ್ಬರನ್ನೇ ಕೇಳಿ. ಇಪ್ಪತ್ತರಲ್ಲಿ ಸಿಸ್ಕೋನನ್ನು ಹೊಗಳಿದವರು ಮಕ್ಕಳಾದ ಮೇಲೆ ಬೇರೆ ಉತ್ತರ ಕೊಡಬಹುದು. ಮತ್ತೆ ನೋಡುವುದರ ಲಾಭ ಇದೇ.

ಎರಡು, 'ದ ಸೀಜ್ ಆಫ್ ಎಆರ್-558' ಮತ್ತು 'ಇಟ್ಸ್ ಓನ್ಲಿ ಎ ಪೇಪರ್ ಮೂನ್'. ಪಟ್ಟಿಯಲ್ಲಿ ಇವೆರಡರ ನಡುವೆ ಇನ್ನೊಂದು ಕಂತಿದೆ, ಅದನ್ನು ಪಕ್ಕಕ್ಕಿಟ್ಟು ಇವನ್ನು ಬೆನ್ನಿಗೆ ಬೆನ್ನು ನೋಡಿ. ಮೊದಲನೆಯದರ ನಿರ್ದೇಶಕ ವಿನ್ರಿಕ್ ಕೋಲ್ಬಿ ಸ್ವತಃ ವಿಯೆಟ್ನಾಂ ಯುದ್ಧದಲ್ಲಿ ಇದ್ದವರು. ಅಲ್ಲಿ ಗೆಲುವಿನ ಸಂಭ್ರಮವಿಲ್ಲ. ಬರೀ ಕಲ್ಲು, ಕಾಯುವಿಕೆ, ದಣಿದ ಮುಖಗಳು. ಎರಡನೆಯದು ಪೂರ್ತಿ ನೋಗ್‌ನದು. ಮೈಯ ಗಾಯಕ್ಕೆ ಡಾಕ್ಟರ್ ಮದ್ದು ಕೊಟ್ಟ ಮೇಲೂ ಉಳಿಯುವ ನೋವಿನ ಕತೆ. ಆರನ್ ಐಸನ್‌ಬರ್ಗ್ ಇಷ್ಟು ಸಣ್ಣ ಪಾತ್ರವನ್ನು ಆರು ವರ್ಷ ಬೆಳೆಸಿ ಇಲ್ಲಿಗೆ ತಂದು ನಿಲ್ಲಿಸುತ್ತಾರೆ. ಅವರು 2019ರಲ್ಲಿ ತೀರಿಕೊಂಡರು, ಅದೇ ವರ್ಷ ನಿಲ್ದಾಣದ ಭದ್ರತಾ ಅಧಿಕಾರಿ ಓಡೋ ಪಾತ್ರದ ರೆನೇ ಓಬರ್‌ಜನ್ವಾ ಕೂಡ. ಚಿಕ್ಕ ಮಕ್ಕಳನ್ನು ಈ ಸಂಜೆ ಕೂರಿಸಬೇಡಿ. ಗುಂಪಿನಲ್ಲಿ ಸೈನ್ಯದಿಂದ ಬಂದವರೋ ಅವರ ಮನೆಯವರೋ ಇದ್ದರೆ ಏನು ಬರುತ್ತದೆ ಎಂದು ಮೊದಲೇ ತಿಳಿಸಿ. ಅವರು ಮಾತಾಡಿದರೆ ಕೇಳಿ, ಆಡದಿದ್ದರೆ ಕೆದಕಬೇಡಿ.

ಎಲ್ಲ ಮುಗಿದ ಮೇಲೆ ನೋಡಲು ಒಂದು ಸಾಕ್ಷ್ಯಚಿತ್ರ ಇದೆ, 'ವಾಟ್ ವಿ ಲೆಫ್ಟ್ ಬಿಹೈಂಡ್'. ಅಭಿಮಾನಿಗಳೇ ದುಡ್ಡು ಹಾಕಿ ಮಾಡಿಸಿದ್ದು. ಸೀರಿಯಲ್ಲಿನ ಕೆಲವು ದೃಶ್ಯಗಳನ್ನು ಅದರಲ್ಲಿ ಹೊಸದಾಗಿ ಎಚ್‌ಡಿಗೆ ತಂದಿದ್ದಾರೆ. ಹಳೆಯ ಲೇಖಕರೆಲ್ಲ ಒಂದು ಕೋಣೆಯಲ್ಲಿ ಕೂತು ಎಂಟನೇ ಸೀಸನ್ನಿನ ಮೊದಲ ಕಂತು ಹೇಗಿರಬಹುದು ಎಂದು ಕತೆ ಕಟ್ಟುತ್ತಾರೆ. ಅದನ್ನು ಕೊನೆಯ ಕಂತು ನೋಡಿದ ದಿನವೇ ಹಾಕಬೇಡಿ, ಒಂದು ವಾರ ಬಿಡಿ. ಆ ವಾರದಲ್ಲಿ ಗುಂಪಿನ ಎಲ್ಲರೂ ತಮ್ಮ ತಮ್ಮ ಎಂಟನೇ ಸೀಸನ್ ಯೋಚಿಸಿಕೊಂಡು ಬರಲಿ.