ನೆಲದೊಳಗನ್ನೂ ಗೋಡೆಯೊಳಗನ್ನೂ ರೇಡಾರ್‌ನಿಂದ ನೋಡುವ ಕ್ರಮ

ಅಗೆಯದೆ, ಒಡೆಯದೆ ನೆಲದಡಿಯ ಕೊಳವೆ, ಕೇಬಲ್, ಹಳೆಯ ತಳಪಾಯಗಳನ್ನೂ ಕಾಂಕ್ರೀಟಿನೊಳಗಿನ ಸರಳುಗಳನ್ನೂ ಪತ್ತೆಹಚ್ಚಲು ಬಳಸುವ ಉಪಕರಣ ಭೂಭೇದಕ ರೇಡಾರ್, ಅಂದರೆ ಜಿಪಿಆರ್. ಅದರ ಆಂಟೆನಾ ಅತಿ ಕಿರಿದಾದ ರೇಡಿಯೊ ಸ್ಪಂದನವನ್ನು ಒಳಗೆ ಕಳುಹಿಸುತ್ತದೆ. ವಸ್ತುವಿನ ವಿದ್ಯುತ್ ಗುಣ ಬದಲಾಗುವ ಪ್ರತಿಯೊಂದು ಗಡಿಯಿಂದಲೂ ಅದರ ಒಂದಂಶ ಹಿಂದಿರುಗುತ್ತದೆ. ಉಪಕರಣ ಅಳೆಯುವುದು ಹೋಗಿಬರಲು ಹಿಡಿದ ಕಾಲವನ್ನು ಮಾತ್ರ. ಆಳವನ್ನು ನಾವೇ ಲೆಕ್ಕ ಹಾಕಬೇಕು, ಮತ್ತು ಸಮೀಕ್ಷೆಗಳು ಹೆಚ್ಚಾಗಿ ದಾರಿ ತಪ್ಪುವುದು ಈ ಲೆಕ್ಕದಲ್ಲೇ.

ಉಪಕರಣವನ್ನು ತರಿಸುವ ಮೊದಲು ಮಣ್ಣನ್ನು ನೋಡಬೇಕು. ಜೇಡಿ ಮತ್ತು ಲವಣಯುಕ್ತ ತೇವ ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುವುದರಿಂದ ತರಂಗದ ಶಕ್ತಿ ಅಲ್ಲಿ ಶಾಖವಾಗಿ ಕಳೆದುಹೋಗುತ್ತದೆ. ಧಾರವಾಡ, ಗದಗ, ವಿಜಯಪುರದ ಕಡೆಯ ಎರೆಮಣ್ಣಿನಲ್ಲಿ ಒಂದು ಮೀಟರ್ ಆಳ ತಲುಪುವುದೂ ಕಷ್ಟ. ಕೋಲಾರ, ತುಮಕೂರಿನ ಮರಳುಮಿಶ್ರಿತ ಕೆಮ್ಮಣ್ಣು ಒಣಗಿದ್ದಾಗ ಇದಕ್ಕಿಂತ ಬಹಳ ಉದಾರ. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಕಾಣೆಯಾದ ಲಾರಿಯನ್ನು ಹುಡುಕಲು ಜಿಪಿಆರ್ ಅನ್ನೂ ಬಳಸಲಾಯಿತು. ಲಾರಿ ಕೊನೆಗೆ ಸೆಪ್ಟೆಂಬರ್‌ನಲ್ಲಿ ಗಂಗಾವಳಿ ನದಿಯಿಂದ ಮೇಲೆ ಬಂತು. ಮಳೆಗಾಲದ ನೀರು ಕುಡಿದ ಮಣ್ಣು ಈ ವಿಧಾನಕ್ಕೆ ಅತ್ಯಂತ ಕಠಿಣವಾದ ಸನ್ನಿವೇಶಗಳಲ್ಲಿ ಒಂದು. ಸಾಧ್ಯವಿದ್ದರೆ ಬೇಸಿಗೆಯಲ್ಲೇ ಸಮೀಕ್ಷೆ ಮಾಡಿ. ಎರೆಮಣ್ಣಿನಲ್ಲಿ ಲೋಹದ ಕೊಳವೆಯನ್ನಷ್ಟೇ ಹುಡುಕಬೇಕಿದ್ದರೆ ಕಡಿಮೆ ಆವರ್ತನದ ಕೇಬಲ್ ಲೊಕೇಟರ್ ಹೆಚ್ಚು ಉಪಯುಕ್ತ.

ಮುಂದಿನದು ಆಂಟೆನಾದ ಆಯ್ಕೆ. ಆವರ್ತನ ಹೆಚ್ಚಿದಷ್ಟೂ ಸೂಕ್ಷ್ಮ ವಿವರ ಸಿಗುತ್ತದೆ, ಆಳ ಕುಗ್ಗುತ್ತದೆ. ಮಣ್ಣಿನಲ್ಲಿ ತರಂಗದ ವೇಗ ನ್ಯಾನೋಸೆಕೆಂಡಿಗೆ (ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗಕ್ಕೆ) 0.1 ಮೀಟರ್ ಇದ್ದರೆ, 400 ಮೆಗಾಹರ್ಟ್ಸ್ ತರಂಗದ ಉದ್ದ 25 ಸೆಂಟಿಮೀಟರ್. ಅದರ ಕಾಲುಭಾಗ, ಅಂದರೆ ಸುಮಾರು 6 ಸೆಂಟಿಮೀಟರ್ ಅಂತರದ ಎರಡು ಪದರಗಳನ್ನು ಬೇರ್ಪಡಿಸಿ ನೋಡಬಹುದು. ರಸ್ತೆಯಡಿಯ ಕೊಳವೆಗಳಿಗೆ ಇದು ಹೊಂದುತ್ತದೆ. ಆಳದ ಬಂಡೆಯ ಮೇಲ್ಮೈಗೆ 100 ಮೆಗಾಹರ್ಟ್ಸ್ ಆಸುಪಾಸು, ಗೋಡೆ ಮತ್ತು ಚಾವಣಿಗೆ 1.5 ಗಿಗಾಹರ್ಟ್ಸ್ ಅಥವಾ ಅದಕ್ಕಿಂತ ಹೆಚ್ಚು ಬೇಕು.

ಜಾಗದ ಮೇಲೆ ಅರ್ಧ ಮೀಟರ್ ಅಂತರದ ಚೌಕಳಿ ಎಳೆದು, ಎರಡೂ ದಿಕ್ಕಿನಲ್ಲಿ ಆಂಟೆನಾವನ್ನು ಎಳೆಯಿರಿ. ಕೊಳವೆಯನ್ನು ಅಡ್ಡಹಾಯ್ದರೆ ಮಾತ್ರ ಪರದೆಯಲ್ಲಿ ಅದು ಸ್ಪಷ್ಟವಾದ ಕಮಾನಾಗಿ ಮೂಡುತ್ತದೆ. ಅದರ ಉದ್ದಕ್ಕೂ ನಡೆದರೆ ಮಣ್ಣಿನ ಪದರದಂಥ ಚಪ್ಪಟೆ ಗೆರೆ ಕಾಣುತ್ತದೆ. ಆಂಟೆನಾ ಇನ್ನೂ ದೂರದಲ್ಲಿರುವಾಗಲೇ ಓರೆಯಾದ, ಉದ್ದನೆಯ ದಾರಿಯಲ್ಲಿ ಪ್ರತಿಧ್ವನಿ ಬರತೊಡಗುವುದರಿಂದ ಈ ಕಮಾನು ಹುಟ್ಟುತ್ತದೆ. ವಸ್ತು ಇರುವುದು ಅದರ ಮೇಲ್ತುದಿಯಲ್ಲಿ. ಇಳಿಜಾರಿನ ಎರಡು ತೋಳುಗಳಲ್ಲಿ ಏನೂ ಇಲ್ಲ.

ಆದರೆ ಆ ತೋಳುಗಳಲ್ಲೇ ವೇಗದ ಸುಳಿವಿದೆ. ಮೇಲ್ತುದಿಯಲ್ಲಿ ಕಾಲ 20 ನ್ಯಾನೋಸೆಕೆಂಡ್, ಒಂದು ಮೀಟರ್ ಪಕ್ಕದಲ್ಲಿ 28.3 ಎಂದು ಇಟ್ಟುಕೊಳ್ಳಿ. ಎರಡರ ವರ್ಗಗಳ ವ್ಯತ್ಯಾಸ ಸುಮಾರು 400. ಅಡ್ಡ ದೂರದ ವರ್ಗದ ನಾಲ್ಕು ಪಟ್ಟನ್ನು ಇದರಿಂದ ಭಾಗಿಸಿದರೆ 0.01, ಅದರ ವರ್ಗಮೂಲವಾದ 0.1 ಮೀಟರ್ ಪ್ರತಿ ನ್ಯಾನೋಸೆಕೆಂಡ್ ಎಂಬುದೇ ವೇಗ. ವೇಗವನ್ನು ಕಾಲದಿಂದ ಗುಣಿಸಿ ಅರ್ಧ ಮಾಡಿದರೆ ಆಳ ಒಂದು ಮೀಟರ್. ಅದೇ 20 ನ್ಯಾನೋಸೆಕೆಂಡನ್ನು ತೇವದ ಮಣ್ಣಿನ 0.06ರ ವೇಗದಿಂದ ಲೆಕ್ಕ ಹಾಕಿದರೆ ಆಳ 60 ಸೆಂಟಿಮೀಟರಿಗೆ ಇಳಿಯುತ್ತದೆ. ಬೇರೆಬೇರೆ ಮಣ್ಣಿಗೆ ಕೋಷ್ಟಕದಲ್ಲಿ ಕೊಟ್ಟ ವೇಗವನ್ನು ಹಾಗೆಯೇ ಎತ್ತಿಕೊಳ್ಳಬಾರದು ಎನ್ನುವುದು ಇದಕ್ಕಾಗಿ. ಲೆಕ್ಕದಲ್ಲಿ ವೇಗ 0.3ರ ಹತ್ತಿರ ಬಂದರೆ ಅದು ಗಾಳಿಯಲ್ಲಿನ ವೇಗ. ಮೇಲಿನ ಮರ, ತಂತಿ ಅಥವಾ ಕಾಂಪೌಂಡ್ ಗೋಡೆಯ ಪ್ರತಿಧ್ವನಿ ನೆಲದ ವಸ್ತುವಿನ ವೇಷದಲ್ಲಿ ಕಾಣಿಸಿಕೊಂಡಿದೆ.

ತಂತ್ರಾಂಶದಲ್ಲಿ ಹಿನ್ನೆಲೆ ಅಳಿಸುವ ಸೋಸುವಿಕೆಯನ್ನು ಎಚ್ಚರದಿಂದ ಬಳಸಿ. ಅದು ಉಪಕರಣದ ಅಡ್ಡಗೆರೆಗಳ ಜೊತೆಗೆ ನಿಜವಾದ ಸಮತಲ ಪದರಗಳನ್ನೂ ಅಳಿಸಿಬಿಡುತ್ತದೆ. ಮೂಲ ದಾಖಲೆಯನ್ನು ಯಾವಾಗಲೂ ಪಕ್ಕದಲ್ಲಿಟ್ಟುಕೊಂಡು ಹೋಲಿಸಿ ನೋಡಬೇಕು.

ಗೋಡೆ ಮತ್ತು ಚಾವಣಿಯಲ್ಲಿ ಗೆರೆಗಳ ಅಂತರವನ್ನು 10 ಸೆಂಟಿಮೀಟರಿಗೆ ಇಳಿಸಿ. ಸರಳುಗಳ ಸ್ಥಾನ ಮತ್ತು ಆಳ ಚೆನ್ನಾಗಿ ಸಿಗುತ್ತವೆ. ಸರಳಿನ ದಪ್ಪವನ್ನು ಮಾತ್ರ ಈ ಚಿತ್ರದಿಂದ ನಂಬಬೇಡಿ. ಒತ್ತೊತ್ತಾದ ಸರಳಿನ ಜಾಲ ತನ್ನ ಹಿಂದಿನದನ್ನು ಮರೆಮಾಡುತ್ತದೆ, ಹೊಸ ಕಾಂಕ್ರೀಟಿನ ತೇವ ಸಂಕೇತವನ್ನು ಹೀರುತ್ತದೆ. ಗೋಡೆಯ ಹಿಂಬದಿ ಮಸುಕಾಗಿದ್ದರೆ ಅಲ್ಲಿ ಲೋಹದ ತಗಡೊಂದನ್ನು ಒತ್ತಿ ಹಿಡಿಯಿಸಿ, ಪ್ರತಿಫಲನ ಬಲವಾಗುತ್ತದೆ. ಪೊಳ್ಳಿನಿಂದ ಮತ್ತು ಲೋಹದಿಂದ ಬರುವ ತರಂಗಗಳ ಕಪ್ಪು-ಬಿಳಿ ಪಟ್ಟಿಗಳ ಕ್ರಮ ಪರಸ್ಪರ ತಿರುವುಮುರುವಾಗಿರುತ್ತದೆ. ಬಿಗಿದ ಉಕ್ಕಿನ ಕೇಬಲ್‌ಗಳಿರುವ ಚಾವಣಿಯನ್ನು ಕೊರೆಯುವ ಮುನ್ನ ಈ ಪರೀಕ್ಷೆಯನ್ನು ಎಂದೂ ಬಿಡಬಾರದು, ಏಕೆಂದರೆ ಅಂಥ ಕೇಬಲ್ ಕತ್ತರಿಸಿದರೆ ಜೀವಕ್ಕೇ ಅಪಾಯ.

ಗೋಡೆಯಾಚೆಯ ಮನುಷ್ಯರನ್ನು ಗುರುತಿಸುವ ರೇಡಾರ್ ಬೇರೆಯ ಬಗೆಯದು. ಬೆಂಗಳೂರಿನ ಡಿಆರ್‌ಡಿಒ ಪ್ರಯೋಗಾಲಯವಾದ ಎಲ್‌ಆರ್‌ಡಿಇ ರೂಪಿಸಿದ ‘ದಿವ್ಯಚಕ್ಷು’ ಈ ವರ್ಗಕ್ಕೆ ಸೇರಿದ್ದು. ಇಂಥ ಉಪಕರಣಗಳು ಚಲನೆಯನ್ನು ಹುಡುಕುತ್ತವೆ. ಉಸಿರಾಟದಲ್ಲಿ ಎದೆ ಕೆಲವೇ ಮಿಲಿಮೀಟರ್ ಅಲುಗುವುದೂ ಕೆಲವಕ್ಕೆ ಸಾಕು. 2015ರ ನೇಪಾಳ ಭೂಕಂಪದಲ್ಲಿ ನಾಸಾದ ‘ಫೈಂಡರ್’ ಉಪಕರಣ ಚೌತಾರಾದಲ್ಲಿ ಅವಶೇಷಗಳಡಿ ಸಿಲುಕಿದ್ದ ನಾಲ್ವರ ಹೃದಯಬಡಿತವನ್ನು ಪತ್ತೆಹಚ್ಚಿತು. ಅಖಂಡ ಲೋಹದ ತಗಡು ಅಡ್ಡವಿದ್ದರೆ ಇವೂ ಕುರುಡು.

ನೆಲದ ಸಮೀಕ್ಷೆ ಮುಗಿದ ಮೇಲೆ ನಕ್ಷೆಯಲ್ಲಿ ಕಂಡದ್ದನ್ನೂ, ಸಂಕೇತ ತಲುಪದ ಆಳ ಮತ್ತು ಜಾಗಗಳನ್ನೂ ಬೇರೆಬೇರೆಯಾಗಿ ಗುರುತಿಸಿ. ಖಾಲಿ ಕಂಡ ಜಾಗದಲ್ಲಿ ಪ್ಲಾಸ್ಟಿಕ್ ಕೊಳವೆಯೂ ಇಲ್ಲವೆಂದು ಬರೆಯಬೇಡಿ, ಒಣಮಣ್ಣಿನಲ್ಲಿ ಅದು ಬಹಳ ಕ್ಷೀಣವಾಗಿ ಪ್ರತಿಫಲಿಸುತ್ತದೆ. ಬಳಿಕ ಸ್ಪಷ್ಟವಾದ ಒಂದು ಕಮಾನಿನ ಮೇಲೆ, ಜೆಸಿಬಿ ತರಿಸುವ ಮುನ್ನ, ಕೈಯಿಂದಲೇ ಪರೀಕ್ಷಾ ಗುಂಡಿ ತೋಡಿಸಿ, ಸಿಕ್ಕ ವಸ್ತುವಿನ ಆಳವನ್ನು ಟೇಪಿನಿಂದ ಅಳೆದು, ಆ ಆಳದಿಂದ ವೇಗವನ್ನು ಮತ್ತೆ ಲೆಕ್ಕ ಹಾಕಿ ಇಡೀ ನಕ್ಷೆಯ ಆಳಗಳನ್ನು ತಿದ್ದಿ.