‘ದಿವು’ ಮನೆತನದ ಜಾಡು ಹಿಡಿದು

ಚೀನಾದಲ್ಲಿ ವಾಂಗ್, ಲಿ, ಜಾಂಗ್, ಲ್ಯೂ, ಚೆನ್ ಎಂಬ ಐದೇ ಮನೆತನಗಳ ಹೆಸರನ್ನು ದೇಶದ ಸುಮಾರು ಶೇ 30ರಷ್ಟು ಜನ ಹೊತ್ತಿದ್ದಾರೆ. ಇಂಥ ಹೆಸರಿನ ಮೂಲ ಹುಡುಕಹೊರಟವನಿಗೆ ದಡವೇ ಸಿಗುವುದಿಲ್ಲ. ಹಳೆಯ ಚೀನೀ ಗದ್ಯವನ್ನು ಓದಲು ಕಲಿಯುತ್ತಿದ್ದ ನನಗೆ ಕೈಗೆಟುಕುವಷ್ಟು ಚಿಕ್ಕದಾದ, ಆದರೆ ಹಳೆಯದಾದ ಮನೆತನವೊಂದು ಬೇಕಿತ್ತು. ಆರಿಸಿಕೊಂಡದ್ದು ‘ದಿವು’. ಚೀನೀ ಮನೆತನದ ಹೆಸರುಗಳು ಸಾಮಾನ್ಯವಾಗಿ ಒಂದೇ ಅಕ್ಷರದವು, ಇದು ಎರಡಕ್ಷರದ್ದು. ಅರ್ಥ, ‘ಐದನೆಯದು’.

ಆ ಅರ್ಥವೇ ಮೊದಲ ತೊಡಕು. ಗಣಕಕ್ಕೇರಿಸಿದ ಹಳೆಯ ಗ್ರಂಥಗಳ ಭಂಡಾರದಲ್ಲಿ, ನಾನು ಹೆಚ್ಚಾಗಿ ಬಳಸುವ ‘ಚೈನೀಸ್ ಟೆಕ್ಸ್ಟ್ ಪ್ರಾಜೆಕ್ಟ್’ ಸೇರಿ, ಈ ಎರಡು ಅಕ್ಷರಗಳನ್ನು ಕೊಟ್ಟು ಹುಡುಕಿದರೆ ಸಿಗುವುದೆಲ್ಲ ‘ಸಂಪುಟ ಐದನೆಯದು’, ‘ಅಧ್ಯಾಯ ಐದನೆಯದು’. ರಾಗಿಯ ರಾಶಿಯಲ್ಲಿ ಸಾಸಿವೆ ಹೆಕ್ಕುವ ಕೆಲಸ. ದಾರಿ ತೋರಿಸಿದ್ದು ಚೀನೀ ಚರಿತ್ರಕಾರರ ಕಟ್ಟುನಿಟ್ಟಾದ ಪದ್ಧತಿ. ಯಾರದೇ ಜೀವನ ಚರಿತ್ರೆಯನ್ನು ಅವರು ಹೆಸರು, ಗೌರವನಾಮ, ಹುಟ್ಟೂರು ಎಂಬ ಕ್ರಮದಲ್ಲೇ ಆರಂಭಿಸುತ್ತಾರೆ; ಬೇರೆಯವರ ಕಥೆಯಲ್ಲಿ ಒಬ್ಬರ ಹೆಸರು ಬಂದರೆ ಹೆಸರಿಗೆ ಮುಂಚೆ ಊರನ್ನು ಸೇರಿಸುವುದೂ ಉಂಟು. ಹಾಗಾಗಿ ಬರೀ ‘ದಿವು’ ಬಿಟ್ಟು ‘ಜಿಂಗ್‌ಜಾವೋ ದಿವು’ ಎಂದು ಹುಡುಕಿದೆ. ಜಿಂಗ್‌ಜಾವೋ ಎಂದರೆ ಹಾನ್ ರಾಜವಂಶದ ರಾಜಧಾನಿ ಚಾಂಗಾನ್‌ನ, ಅಂದರೆ ಇಂದಿನ ಶಿಯಾನ್‌ನ, ಸುತ್ತಲಿನ ಪ್ರದೇಶ. ಜೊಳ್ಳೆಲ್ಲ ಹಾರಿಹೋಗಿ ಮನುಷ್ಯರು ಉಳಿದರು. ಮಹಾ ವಿದ್ವಾಂಸ ಜೆಂಗ್ ಶುವಾನ್‌ಗೆ ‘ಒಂಬತ್ತು ಅಧ್ಯಾಯ’ ಎಂಬ ಹಳೆಯ ಗ್ರಂಥದ ಗಣಿತವನ್ನೂ ಪಂಚಾಂಗದ ಲೆಕ್ಕವನ್ನೂ ಕಲಿಸಿದ ದಿವು ಯುವಾನ್‌ಶಿಯಾನ್ ನನಗೆ ಸಿಕ್ಕಿದ್ದು ಹೀಗೆಯೇ. ಹಳೆಯ ಇಂಗ್ಲಿಷ್ ಪುಸ್ತಕಗಳನ್ನು ತಿರುವುವವರು ಪದಸೂಚಿಯಲ್ಲಿ ‘ತಿ-ವು’ ಎಂಬ ಕಾಗುಣಿತವನ್ನೂ ನೋಡಬೇಕು.

ಮೂಲದ ಬಗ್ಗೆ ಗಟ್ಟಿ ಆಧಾರ ಒಂದೇ ಸಾಲಿನದು. ‘ಹೌ ಹಾನ್ ಶು’ ಎಂಬ ಚರಿತ್ರೆ ದಿವು ಲುನ್ ಎಂಬ ಅಧಿಕಾರಿಯ ಬಗ್ಗೆ ಹೇಳುತ್ತದೆ: ಇವನ ಹಿರಿಯರು ಚೀ ರಾಜ್ಯದ ತಿಯಾನ್ ವಂಶದವರು, ರಾಜಸಮಾಧಿಗಳ ಬಳಿಗೆ ಸ್ಥಳಾಂತರಗೊಂಡ ತಿಯಾನ್‌ಗಳು ಬಹಳ ಮಂದಿ ಇದ್ದುದರಿಂದ ಕ್ರಮಸಂಖ್ಯೆಯೇ ಮನೆತನದ ಹೆಸರಾಯಿತು. ಹಿನ್ನೆಲೆ ಹೀಗಿದೆ. ತಿಯಾನ್‌ಗಳು ಪೂರ್ವದ ಚೀ ರಾಜ್ಯವನ್ನು, ಇಂದಿನ ಶಾನ್‌ಡಾಂಗ್ ಭಾಗವನ್ನು, ಕ್ರಿ.ಪೂ. 221ರವರೆಗೆ ಆಳಿದವರು. ಚಿನ್ ಸಾಮ್ರಾಜ್ಯ ಕುಸಿದಾಗ ಮತ್ತೆ ತಲೆ ಎತ್ತಿದರು. ಹಾನ್ ಚಕ್ರವರ್ತಿ ಗಾವೋಜು ಕ್ರಿ.ಪೂ. 198ರಲ್ಲಿ ಲ್ಯೂ ಜಿಂಗ್ ಎಂಬವನ ಸಲಹೆಯಂತೆ ಇಂಥ ಹಳೆಯ ಬಲಿಷ್ಠ ಕುಲಗಳ ಒಂದು ಲಕ್ಷಕ್ಕೂ ಮೀರಿದ ಜನರನ್ನು ರಾಜಧಾನಿಯ ಸುತ್ತ ತಂದು ನೆಲೆಗೊಳಿಸಿದ. ಬಂಡೇಳುವವರು ಕಣ್ಣೆದುರಿಗಿರಲಿ ಎಂಬ ಲೆಕ್ಕಾಚಾರ.

ಆನಂತರದ ವಂಶಾವಳಿಗಳು ‘ಮೊದಲನೆಯದು’ ಇಂದ ‘ಎಂಟನೆಯದು’ವರೆಗೆ ಒಂದೊಂದು ಸಂಖ್ಯೆಗೂ ಒಬ್ಬೊಬ್ಬ ಮೂಲಪುರುಷನನ್ನು ಹೆಸರು ಸಮೇತ ನಿಲ್ಲಿಸುತ್ತವೆ. ನಾನು ಆ ಪಟ್ಟಿಯನ್ನು ಬಳಸುವುದಿಲ್ಲ. ತಡವಾಗಿ ಬಂದ ಪುಸ್ತಕಕ್ಕೆ ಮುಂಚಿನದಕ್ಕಿಂತ ಹೆಚ್ಚು ವಿವರ ಗೊತ್ತಿದ್ದರೆ ಅನುಮಾನಪಡುವುದು ಒಳ್ಳೆಯದು.

ದಿವು ಲುನ್‌ನ ಚರಿತ್ರೆಯಲ್ಲಿ ಹೆಸರು ಹುಡುಕುವವರಿಗೆ ಇನ್ನೊಂದು ಪಾಠವಿದೆ. ಕ್ರಿ.ಶ. ಒಂದನೇ ಶತಮಾನದಲ್ಲಿ, ಅಧಿಕಾರಿಯಾಗಿ ಮೇಲೇರುವ ಮೊದಲು, ಅವನು ಹೆಸರು ಬದಲಿಸಿಕೊಂಡು ‘ವಾಂಗ್ ಬೋಚೀ’ ಎಂದು ಹೇಳಿಕೊಳ್ಳುತ್ತ ಉಪ್ಪಿನ ಗಾಡಿ ಹೊಡೆದ. ಬಂಧುಮಿತ್ರರಿಗೂ ಅವನೆಲ್ಲಿದ್ದಾನೆಂದು ತಿಳಿಯಲಿಲ್ಲ. ವಿರಳ ಹೆಸರಿನವನು ಮರೆಯಾಗಲು ಸಾಮಾನ್ಯ ಹೆಸರೊಂದನ್ನು ತೊಟ್ಟರೆ ಸಾಕು. ಹೀಗೆ ಹೋಗಿ ಮರಳದೆ ವಾಂಗ್‌ಗಳಾಗಿಯೇ ಉಳಿದವರನ್ನು ಯಾವ ಹುಡುಕಾಟವೂ ಹಿಡಿಯದು. ‘ಬೋಚೀ’ಯಲ್ಲಿರುವ ‘ಚೀ’ ಹಿರಿಯರ ರಾಜ್ಯದ ಹೆಸರಿನ ಅಕ್ಷರವೇ. ಅದು ಆಕಸ್ಮಿಕವಲ್ಲ ಎಂಬುದು ನನ್ನ ಊಹೆ. ಮುಂದೆ ಅವನು ಕುವೈಜಿಯ ಆಡಳಿತಾಧಿಕಾರಿಯಾದ. ಆಗಲೂ ಕುದುರೆಗೆ ತಾನೇ ಹುಲ್ಲು ಕತ್ತರಿಸುತ್ತಿದ್ದ, ಹೆಂಡತಿ ತಾನೇ ಅಡುಗೆ ಮಾಡುತ್ತಿದ್ದಳು. ನಿಮಗೂ ಸ್ವಂತದವರೆಂಬ ಪಕ್ಷಪಾತ ಉಂಟೇ ಎಂದು ಒಬ್ಬರು ಕೇಳಿದಾಗ ಕೊಟ್ಟ ಉತ್ತರ ನನಗೆ ಬಾಯಿಪಾಠವಾಗಿದೆ: ಅಣ್ಣನ ಮಗನಿಗೆ ಕಾಯಿಲೆಯಾದಾಗ ರಾತ್ರಿ ಹತ್ತು ಸಲ ಎದ್ದು ನೋಡಿ ಬಂದೆ, ಬಂದು ನೆಮ್ಮದಿಯಾಗಿ ಮಲಗಿದೆ, ನನ್ನ ಮಗನಿಗಾದಾಗ ನೋಡಲು ಹೋಗಲಿಲ್ಲ, ಆದರೆ ರಾತ್ರಿಯಿಡೀ ನಿದ್ದೆ ಬರಲಿಲ್ಲ.

ಆರೇಳು ಶತಮಾನಗಳ ಬಳಿಕ ತಾಂಗ್ ಕಾಲದಲ್ಲಿ ದಿವು ಚೀ ಎಂಬ ಮಂತ್ರಿ ಬರುತ್ತಾನೆ. 758ರಲ್ಲಿ ಉಪ್ಪನ್ನು ಸರ್ಕಾರದ ಏಕಸ್ವಾಮ್ಯಕ್ಕೆ ತಂದವನು, ಹತ್ತು ಹಳೆಯ ನಾಣ್ಯಗಳ ಬೆಲೆಯ ಹೊಸ ನಾಣ್ಯ ಟಂಕಿಸಿ ಬೆಲೆಯೇರಿಕೆಗೆ ಕಾರಣನಾದವನು. ನನಗೆ ಮುಖ್ಯವಾದದ್ದು ಅವನೂ ಜಿಂಗ್‌ಜಾವೋದವನೇ ಎಂಬುದು. ಇಂದಿಗೂ ಈ ಹೆಸರಿನವರು ಹೆಚ್ಚಾಗಿ ಸಿಗುವುದು ಶಿಯಾನ್ ರಾಜಧಾನಿಯಾಗಿರುವ ಶಾನ್‌ಶಿ ಪ್ರಾಂತದಲ್ಲಿ, ಅದರಲ್ಲೂ ಶಿಯಾನ್‌ಯಾಂಗ್ ಸೀಮೆಯ ಶುನ್‌ಯಿ ಕಡೆ. ಗಾವೋಜುವಿನ ಸಮಾಧಿ ಇರುವುದೂ ಆ ಶಿಯಾನ್‌ಯಾಂಗ್ ಬಳಿಯಲ್ಲೇ.

ಬೇರೆ ಮನೆತನಗಳಿಗೆ ಈ ವಿಧಾನವನ್ನು ಹಾಗೆಯೇ ಅನ್ವಯಿಸಬೇಡಿ. ಹೆಸರಿನ ಮುಂದಿರುವ ಊರು ಅನೇಕ ವೇಳೆ ಬರಿಯ ಪ್ರತಿಷ್ಠೆಯ ಗುರುತು. ತಾಂಗ್ ಚಕ್ರವರ್ತಿಗಳು ತಮ್ಮನ್ನು ‘ಲಾಂಗ್‌ಶಿಯ ಲಿ’ಗಳೆಂದು ಕರೆದುಕೊಂಡರು, ಆ ಹೆಗ್ಗಳಿಕೆಯನ್ನು ಇತಿಹಾಸಕಾರರು ಪ್ರಶ್ನಿಸಿದ್ದಾರೆ. ಆದ್ದರಿಂದ ಊರಿನ ಹೆಸರು ಕಂಡ ಕಡೆಯಲ್ಲೆಲ್ಲ ನಾನು ಸಮಾಧಿ ಶಾಸನವನ್ನೂ ಹುಡುಕುತ್ತೇನೆ. ಸತ್ತವರನ್ನು ಎಲ್ಲಿ ಹೂಳಿದರು ಎಂಬುದನ್ನು ಅದು ಹಳ್ಳಿಯ ಹೆಸರಿನ ಸಮೇತ ಹೇಳುವುದುಂಟು.