ಪುಟ್ಟ ಮಕ್ಕಳ ಜೊತೆ ಹೊಸ ದೇಶಕ್ಕೆ ಬಂದವರಿಗೆ

ಹೊಸದಾಗಿ ಬಂದವರು ನಮ್ಮನ್ನು ಮೊದಲು ಕೇಳುವುದು ಬ್ಯಾಂಕು, ಬಾಡಿಗೆ, ಶಾಲೆಯ ವಿಚಾರ. ಮನೆಯಲ್ಲಿ ಪುಟ್ಟ ಮಗುವಿದ್ದರೆ ನಾನು ಬೇರೆಯದನ್ನೇ ಕೇಳುತ್ತೇನೆ: ಬಿಸಿನೀರಿನ ನಲ್ಲಿ ತಿರುಗಿಸಿ ನೋಡಿದಿರಾ? ಹೊಸ ಮನೆಯಲ್ಲಿ ಯಾವುದು ಅಪಾಯ ಅಂತ ನಮಗಿನ್ನೂ ಗೊತ್ತಿರುವುದಿಲ್ಲ. ಮಗು ಮಾತ್ರ ಮೊದಲ ದಿನವೇ ಎಲ್ಲವನ್ನೂ ಮುಟ್ಟಿ ನೋಡುತ್ತದೆ.

ಎಷ್ಟೋ ಮನೆಗಳಲ್ಲಿ ಹಗಲು ರಾತ್ರಿ ನಲ್ಲಿಯಲ್ಲೇ ಬಿಸಿನೀರು ಬರುತ್ತದೆ. 60 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ಕೆಲವೇ ಸೆಕೆಂಡುಗಳಲ್ಲಿ ದೊಡ್ಡವರ ಚರ್ಮವನ್ನೇ ಸುಡುತ್ತದೆ. ಮಗುವಿನ ಚರ್ಮ ಇನ್ನೂ ತೆಳು. ನಲ್ಲಿಗೆ ಬರುವ ನೀರು 50 ಡಿಗ್ರಿ ದಾಟದಂತೆ ಮಾಡಿಸಿಕೊಡಿ ಅಂತ ಮನೆ ಮಾಲೀಕರನ್ನು ಕೇಳಿ. ಟ್ಯಾಂಕಿನ ಬಿಸಿಯನ್ನು ನೀವಾಗಿಯೇ ಇಳಿಸಬೇಡಿ. ತೀರಾ ಕಡಿಮೆಯಾದರೆ ಟ್ಯಾಂಕಿನೊಳಗೆ ರೋಗಾಣು ಬೆಳೆಯುತ್ತವೆ. ಬಿಸಿನೀರು, ತಣ್ಣೀರು ಬೆರೆಸಿ ಬಿಡುವ ವಾಲ್ವ್ ಹಾಕಿಸುವುದು ಸರಿಯಾದ ದಾರಿ. ಬಾತ್‌ಟಬ್ಬಿಗೆ ಮೊದಲು ತಣ್ಣೀರು ಬಿಡಿ, ಆಮೇಲೆ ಬಿಸಿ. ಮಗು ನೀರಿನಲ್ಲಿರುವಾಗ ಫೋನ್ ಬಂದರೆ ರಿಂಗ್ ಆಗುತ್ತಿರಲಿ, ಎದ್ದು ಹೋಗಬೇಡಿ. ಮುಳುಗುವ ಮಗು ಸಾಮಾನ್ಯವಾಗಿ ಕೂಗುವುದಿಲ್ಲ, ಸದ್ದೇ ಆಗುವುದಿಲ್ಲ. ಅದಕ್ಕೆ ಐದು ಸೆಂಟಿಮೀಟರ್ ನೀರೂ ಸಾಕು.

ಕಪಾಟುಗಳನ್ನು ಗೋಡೆಗೆ ಬಿಗಿಸಿ. ಕಿಟಕಿ ಪರದೆಯ ದಾರ ಮಗುವಿನ ಕೈಗೆ ಸಿಗದಂತೆ ಮೇಲೆ ಕಟ್ಟಿ. ಮನೆಯಲ್ಲಿ ಗ್ಯಾಸ್ ಹೀಟರ್ ಇದ್ದರೆ ಕಾರ್ಬನ್ ಮಾನಾಕ್ಸೈಡ್ ಅಲಾರ್ಮ್ ಬೇಕೇ ಬೇಕು, ಗ್ಯಾಸ್ ಸರಿಯಾಗಿ ಉರಿಯದಿದ್ದಾಗ ಹುಟ್ಟುವ ಆ ವಿಷಾನಿಲಕ್ಕೆ ವಾಸನೆಯೇ ಇಲ್ಲ. ರಿಮೋಟಿನಲ್ಲಿರುವ ಗುಂಡಿಯಂಥ ಬ್ಯಾಟರಿ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು. ಅನುಮಾನ ಬಂದರೂ ಸಾಕು, ನೇರ ಆಸ್ಪತ್ರೆಗೆ ಹೋಗಿ.

ಔಷಧಿಯ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ಅಮೆರಿಕದಲ್ಲಿ ಅಸಿಟಮಿನೊಫೆನ್ ಅಂತ ಮಾರುವುದು ನಮಗೆ ಗೊತ್ತಿರುವ ಪ್ಯಾರಾಸಿಟಮಾಲೇ. ಬೇರೆ ಹೆಸರಿದೆ ಅಂತ ಎರಡನ್ನೂ ಕೊಟ್ಟರೆ ಡೋಸ್ ಎರಡರಷ್ಟಾಗುತ್ತದೆ, ಲಿವರಿಗೆ ಪೆಟ್ಟು. ನೆಗಡಿಯ ಎಷ್ಟೋ ಸಿರಪ್‌ಗಳಲ್ಲೂ ಅದೇ ಇರುತ್ತದೆ. ಇನ್ನೊಂದು ಮಾತು. ಐದು ಎಂಎಲ್‌ಗೆ ಒಂದು ಬಾಟಲಿಯಲ್ಲಿ 120 ಮಿಲಿಗ್ರಾಂ, ಇನ್ನೊಂದರಲ್ಲಿ 250 ಇರಬಹುದು. ಹಳೆಯ ಅಳತೆಯಲ್ಲೇ ಹೊಸ ಸಿರಪ್ ಕೊಡಬೇಡಿ. ಮಗುವಿನ ತೂಕ ಹೇಳಿ, ಅಂಗಡಿಯ ಫಾರ್ಮಸಿಸ್ಟ್ ಹತ್ತಿರ ಕೇಳಿ. ಅವರ ಕೆಲಸವೇ ಅದು, ಸಂಕೋಚ ಬೇಡ. ಮೂರು ತಿಂಗಳು ತುಂಬದ ಮಗುವಿಗೆ 38 ಡಿಗ್ರಿ ಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಡಾಕ್ಟರ್ ಹತ್ತಿರ ಹೋಗಿ.

ಬೇರೆ ದೇಶಕ್ಕೆ ರಜೆಗೆ ಹೊರಡುವುದಾದರೆ ನಾಲ್ಕರಿಂದ ಆರು ವಾರ ಮೊದಲೇ ಲಸಿಕೆಯ ಕಾರ್ಡ್ ಹಿಡಿದು ಡಾಕ್ಟರನ್ನು ನೋಡಿ. ಕೆಲವು ಕಡೆಗೆ ಹೋಗುವ ಮಕ್ಕಳಿಗೆ ದಡಾರದ ಲಸಿಕೆಯನ್ನು ಆರು ತಿಂಗಳಿಗೇ ಕೊಡುತ್ತಾರೆ. ಓಆರ್‌ಎಸ್ ಪೊಟ್ಟಣ ಬ್ಯಾಗಿನಲ್ಲಿರಲಿ. ನೀರಿನ ಅಳತೆ ಪೊಟ್ಟಣದ ಮೇಲೆ ಬರೆದಷ್ಟೇ, ಅಂದಾಜು ಬೇಡ. ಕಾರಿನಲ್ಲಿ ದಪ್ಪ ಜಾಕೆಟ್ ಬಿಚ್ಚಿಯೇ ಸೀಟಿನ ಬೆಲ್ಟ್ ಹಾಕಿ. ಜಾಕೆಟ್ ಮೇಲೆ ಬಿಗಿದ ಬೆಲ್ಟ್ ಅಪಘಾತದಲ್ಲಿ ಸಡಿಲವಾಗಿಬಿಡುತ್ತದೆ.

ಉಳಿದುಕೊಂಡ ಜಾಗವೂ ಹೊಸ ಮನೆಯೇ ಅಲ್ವಾ? ಸೂಟ್‌ಕೇಸ್ ಬಿಚ್ಚುವ ಮೊದಲು ಬಾಲ್ಕನಿ, ಕಿಟಕಿ, ಈಜುಕೊಳದ ಗೇಟು ನೋಡಿ ಬನ್ನಿ. ನಾಲ್ಕು ಜನ ದೊಡ್ಡವರಿದ್ದಾಗ ಇನ್ನೊಬ್ಬರು ನೋಡುತ್ತಿದ್ದಾರೆ ಅಂತ ಎಲ್ಲರೂ ಸುಮ್ನೆ ಕೂತುಬಿಡುತ್ತಾರೆ. ಈಗ ನೀರಿನ ಹತ್ತಿರ ಯಾರ ಸರದಿ ಅಂತ ಬಾಯಿಬಿಟ್ಟು ಹೇಳಿಕೊಳ್ಳಿ. ಆ ದೇಶದ ತುರ್ತು ನಂಬರ್ ಜೊತೆ ಉಳಿದುಕೊಂಡ ಜಾಗದ ಪೂರ್ತಿ ವಿಳಾಸವನ್ನೂ ಬರೆದು ಬಾಗಿಲ ಹತ್ತಿರ ಅಂಟಿಸಿ. ಆಂಬುಲೆನ್ಸ್ ಬರಬೇಕಾದರೆ ನೀವು ಎಲ್ಲಿದ್ದೀರಿ ಅಂತ ಅವರಿಗೆ ಗೊತ್ತಾಗಬೇಕು.